ಹಳೆಯ ಸಸ್ಪೆನ್ಸ್ ಚಿತ್ರಗಳನ್ನು ಮೊದಲ ಸಲ ನೋಡುವವರಿಗೆ ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಸಿನಿಮಾಗಳನ್ನು ನಾನು ಆಸ್ಥೆಯಿಂದ ನೋಡುತ್ತೇನೆಂಬುದು ಕಲಬುರಗಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಆಗಾಗ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: “ಮಾಮಾ, ಹಳೇ ಸಸ್ಪೆನ್ಸ್ ಪಿಚ್ಚರ್ ನೋಡಬೇಕಂತ ಮಾಡೀನಿ, ಯಾವುದರಿಂದ ಸುರು ಮಾಡ್ಲಿ?” ಇವರಲ್ಲಿ ಹೆಚ್ಚಿನವರು ಈಗಾಗಲೇ ಒಮ್ಮೆ ಪ್ರಯತ್ನಿಸಿ ಸೋತವರು. ಎಲ್ಲರೂ ಹೊಗಳುವ ಒಂದು ಇಂಗ್ಲಿಷ್ ಚಿತ್ರವನ್ನು ಬೀದರಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಹಚ್ಚಿ, ಹುಮನಾಬಾದ್ ಬರುವಷ್ಟರಲ್ಲಿ ಬೇಸತ್ತು ಬಂದ್ ಮಾಡಿರುತ್ತಾರೆ. ಅವರ ಅಭಿರುಚಿಯಲ್ಲಿ ಕೊರತೆಯಿಲ್ಲ, ಚಿತ್ರದಲ್ಲೂ ಇಲ್ಲ. ಯಾವ ಚಿತ್ರದ ನಂತರ ಯಾವುದನ್ನು, ಎಲ್ಲಿ ಕುಳಿತು, ಹೇಗೆ ನೋಡಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಆ ಕ್ರಮವನ್ನು ನನ್ನ ಅನುಭವದಿಂದ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲು ಸಸ್ಪೆನ್ಸ್ ಎಂದರೇನೆಂದು ಸ್ಪಷ್ಟ ಮಾಡಿಕೊಳ್ಳಿ

ನಮ್ಮಲ್ಲಿ ಪತ್ತೇದಾರಿ, ದೆವ್ವದ ಕಥೆ, ಕೊಲೆಯ ಕಥೆ ಎಲ್ಲವನ್ನೂ ಸಸ್ಪೆನ್ಸ್ ಎಂದೇ ಕರೆಯುವ ರೂಢಿಯಿದೆ. ಕೊಲೆಗಾರ ಯಾರೆಂಬುದನ್ನು ಕೊನೆಯವರೆಗೆ ಮುಚ್ಚಿಡುವ ಕಥೆ ಪತ್ತೇದಾರಿ ಕಥೆ. ಸಸ್ಪೆನ್ಸಿನ ಹಾದಿ ಬಹುಮಟ್ಟಿಗೆ ಇದಕ್ಕೆ ಎದುರಾದದ್ದು: ಅಲ್ಲಿ ಪ್ರೇಕ್ಷಕನಿಗೆ ವಿಷಯ ಮೊದಲೇ ತಿಳಿದಿರುತ್ತದೆ, ತೆರೆಯ ಮೇಲಿನ ವ್ಯಕ್ತಿಗೆ ತಿಳಿದಿರುವುದಿಲ್ಲ. 1899ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೊ ಜೊತೆ ನಡೆಸಿದ ದೀರ್ಘ ಮಾತುಕತೆಯಲ್ಲಿ ಇದಕ್ಕೊಂದು ಉದಾಹರಣೆ ಕೊಟ್ಟಿದ್ದಾರೆ. ಮೇಜಿನ ಸುತ್ತ ಕೆಲವರು ಕುಳಿತು ಮಾತಾಡುತ್ತಿರುವಾಗ ಕೆಳಗಿದ್ದ ಬಾಂಬು ಏಕಾಏಕಿ ಸಿಡಿದರೆ ಪ್ರೇಕ್ಷಕರಿಗೆ ಸಿಗುವುದು ಹದಿನೈದು ಸೆಕೆಂಡಿನ ಆಘಾತ. ಬಾಂಬನ್ನು ಇಡುವುದನ್ನೂ, ಅದು ಒಂದು ಗಂಟೆಗೆ ಸಿಡಿಯುತ್ತದೆ ಎಂಬುದನ್ನೂ, ಗೋಡೆಯ ಗಡಿಯಾರದಲ್ಲಿ ಈಗ ಹನ್ನೆರಡೂ ಮುಕ್ಕಾಲು ಆಗಿದೆ ಎಂಬುದನ್ನೂ ಮೊದಲೇ ತೋರಿಸಿಬಿಟ್ಟರೆ, ಅದೇ ಹುರುಳಿಲ್ಲದ ಹರಟೆಯನ್ನು ಪ್ರೇಕ್ಷಕರು ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಾರೆ.

ಈ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಿದವರಿಗೆ ಫಿಲಿಪ್ ಮೆಡೋಸ್ ಟೇಲರ್ ಹೆಸರು ಪರಿಚಿತ. ಸುರಪುರಕ್ಕೆ ಆಡಳಿತಾಧಿಕಾರಿಯಾಗಿ ಬರುವ ಮೊದಲೇ, 1839ರಲ್ಲಿ, ಅವರು ದಾರಿಹೋಕರನ್ನು ಕೊಂದು ದೋಚುವ ಠಕ್ಕನೊಬ್ಬ ತನ್ನ ಕೃತ್ಯಗಳನ್ನು ತಾನೇ ಹೇಳಿಕೊಳ್ಳುವ ಕಾದಂಬರಿಯೊಂದನ್ನು ಪ್ರಕಟಿಸಿದ್ದರು. ಠಕ್ಕರು ದಾರಿಹೋಕರ ಜೊತೆ ಸ್ನೇಹದಿಂದ ದಿನಗಟ್ಟಲೆ ನಡೆಯುತ್ತಿದ್ದರು. ಕೊಲೆಗೆ ಅವರು ಕೊಡುತ್ತಿದ್ದ ಸನ್ನೆ ‘ತಂಬಾಕು ತಾ’ ಎನ್ನುವಂಥ ದಿನಬಳಕೆಯ ಮಾತು. ಹೇಳುವವನೇ ಠಕ್ಕನಾದ್ದರಿಂದ ಓದುಗನಿಗೆ ಎಲ್ಲವೂ ಗೊತ್ತು, ದಾರಿಹೋಕನಿಗೆ ಏನೂ ಗೊತ್ತಿಲ್ಲ. ಯಾರಾದರೂ ತಂಬಾಕಿನ ಮಾತೆತ್ತಿದರೆ ಸಾಕು, ಓದುಗನ ಎದೆ ಝಲ್ಲೆನ್ನುತ್ತದೆ. ಸಸ್ಪೆನ್ಸ್ ಚಿತ್ರಗಳನ್ನು ನೋಡುವಾಗ ‘ಯಾರು ಮಾಡಿದರು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ನನಗೆ ಗೊತ್ತಿರುವುದು ಇವರಿಗೆ ಯಾವಾಗ ಗೊತ್ತಾಗುತ್ತದೆ’ ಎಂಬ ಪ್ರಶ್ನೆ ಹಿಡಿದುಕೊಂಡು ಕುಳಿತುಕೊಳ್ಳಿ.

ಎರಡನೆಯ ಹೆಜ್ಜೆ: ನಿಮ್ಮ ಕಿವಿಗೆ ಒಗ್ಗಿದ ಭಾಷೆಯಿಂದ ಆರಂಭಿಸಿ

ಕಲಬುರಗಿ, ಬೀದರ, ಯಾದಗಿರಿಯವರಿಗೆ ಒಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುವುದು ಕಡಿಮೆ. ಮನೆಯ ಮಾತು ಕನ್ನಡವಾದರೂ ಪೇಟೆಯಲ್ಲಿ ದಖನಿ ಉರ್ದು ಕೇಳುತ್ತಲೇ ಬೆಳೆದ ನಮಗೆ ಹಿಂದಿ ಚಿತ್ರಕ್ಕೆ ಅಡಿಬರಹ ಬೇಕಾಗುವುದಿಲ್ಲ. ಸಸ್ಪೆನ್ಸ್ ಚಿತ್ರದಲ್ಲಿ ಕಣ್ಣು ನಟರ ಕೈ, ಬಾಗಿಲು, ಗಡಿಯಾರಗಳ ಮೇಲಿರಬೇಕೇ ಹೊರತು ತೆರೆಯ ಕೆಳಗಿನ ಅಕ್ಷರಗಳ ಮೇಲಲ್ಲ. ಹಾಗಾಗಿ ಮೊದಲ ಎರಡು ಮೂರು ಚಿತ್ರಗಳನ್ನು ಹಿಂದಿ ಮತ್ತು ಕನ್ನಡದಲ್ಲೇ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ.

ನನ್ನ ಮೊದಲ ಆಯ್ಕೆ ಯಶ್ ಚೋಪ್ರಾ ನಿರ್ದೇಶನದ 1969ರ ‘ಇತ್ತೆಫಾಕ್’. ಹೆಂಡತಿಯನ್ನು ಕೊಂದ ಆರೋಪ ಹೊತ್ತವನೊಬ್ಬ ಮಳೆಗಾಳಿಯ ರಾತ್ರಿ ತಪ್ಪಿಸಿಕೊಂಡು, ಒಂಟಿ ಹೆಂಗಸಿರುವ ಮನೆಯೊಳಗೆ ನುಗ್ಗುತ್ತಾನೆ. ರಾಜೇಶ್ ಖನ್ನಾ ಮತ್ತು ನಂದಾ ನಟಿಸಿರುವ ಈ ಚಿತ್ರದಲ್ಲಿ ಒಂದೂ ಹಾಡಿಲ್ಲ, ಕಥೆಯ ಹೆಚ್ಚಿನ ಭಾಗ ಒಂದೇ ಮನೆಯಲ್ಲಿ, ಒಂದೇ ರಾತ್ರಿಯಲ್ಲಿ ನಡೆಯುತ್ತದೆ. ಹೊಸಬರಿಗೆ ಇಂಥ ಕಟ್ಟುನಿಟ್ಟೇ ಒಳ್ಳೆಯದು. ಇದಾದ ಮೇಲೆ ಕನ್ನಡದ ‘ತರ್ಕ’ ನೋಡಿ. ಸುನಿಲ್ ಕುಮಾರ್ ದೇಸಾಯಿ ನಿರ್ದೇಶಿಸಿ, ಶಂಕರ್ ನಾಗ್ ಮತ್ತು ದೇವರಾಜ್ ನಟಿಸಿದ ಈ 1989ರ ಚಿತ್ರದಲ್ಲಿಯೂ ಹಾಡುಗಳಿಲ್ಲ. ಇವೆರಡನ್ನೂ ಒಂದರ ನಂತರ ಒಂದನ್ನು ನೋಡಿದರೆ, ಹಾಡು ಮತ್ತು ಹಾಸ್ಯದ ಬಿಡುವು ಇಲ್ಲದಾಗ ಪ್ರೇಕ್ಷಕನ ಮನಸ್ಸಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲವೆಂಬುದು ನಿಮ್ಮ ಅನುಭವಕ್ಕೇ ಬರುತ್ತದೆ. ಇನ್ನೂ ಬೇಕೆನಿಸಿದರೆ ಕಾಶಿನಾಥರ 1978ರ ‘ಅಪರಿಚಿತ’, ಬಿ.ಆರ್. ಚೋಪ್ರಾ ಅವರ 1960ರ ‘ಕಾನೂನ್’ ಇವೆ.

1949ರ ‘ಮಹಲ್’ ಚಿತ್ರದಿಂದ ಆರಂಭಿಸುವ ಹಿರಿಯರೂ ಇದ್ದಾರೆ. ಅದರಲ್ಲಿನ ಲತಾ ಮಂಗೇಶ್ಕರ್ ಹಾಡಿನ ಸೆಳೆತ ದೊಡ್ಡದು, ಒಪ್ಪುತ್ತೇನೆ. ಆದರೂ ಅದರ ನಡಿಗೆ ನಿಧಾನ. ಹತ್ತು ಚಿತ್ರ ನೋಡಿದ ಮೇಲೆ ಅದಕ್ಕೆ ಹಿಂತಿರುಗಿದರೆ ಹೆಚ್ಚು ದಕ್ಕುತ್ತದೆ.

ಮೂರನೆಯ ಹೆಜ್ಜೆ: ಚಿತ್ರದ ಬಗ್ಗೆ ಏನನ್ನೂ ಓದಬೇಡಿ

ಈ ಹೆಜ್ಜೆಯಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಓದುವ ದಿನಗಳಲ್ಲಿ 1960ರ ‘ಸೈಕೋ’ ಚಿತ್ರವನ್ನು ನೋಡಲು ವಾರಗಟ್ಟಲೆ ಕಾದಿದ್ದೆ. ಹಿಂದಿನ ದಿನ ಸಂಜೆ ಚಹಾದಂಗಡಿಯಲ್ಲಿ ಪರಿಚಯದವರೊಬ್ಬರು ಪ್ರೀತಿಯಿಂದಲೇ ಅದರ ಕೊನೆಯನ್ನು ಎರಡು ವಾಕ್ಯದಲ್ಲಿ ಹೇಳಿಬಿಟ್ಟರು. ಮಾರನೆಯ ದಿನ ಚಿತ್ರವನ್ನು ಮೆಚ್ಚಿಕೊಂಡೇ ನೋಡಿದೆ, ಆದರೆ ಮೊದಲ ಸಲ ನೋಡುವ ಆ ಒಂದು ಅವಕಾಶ ನನ್ನ ಪಾಲಿಗೆ ಮತ್ತೆಂದೂ ಬರಲಿಲ್ಲ. ಆದ್ದರಿಂದ ಆ ಚಿತ್ರದ ಕಥೆಯನ್ನು ಇಲ್ಲಿ ಒಂದು ಸಾಲಿನಷ್ಟೂ ಹೇಳುವುದಿಲ್ಲ.

ಈ ಚಿತ್ರಗಳನ್ನು ಮಾಡಿದವರಿಗೂ ಇದೇ ಕಾಳಜಿಯಿತ್ತು. ‘ಸೈಕೋ’ ಬಿಡುಗಡೆಯಾದಾಗ ಆಟ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿಸಿದ್ದರು. ಅದಕ್ಕೂ ಮೊದಲು, 1955ರಲ್ಲಿ, ಫ್ರಾನ್ಸಿನ ಹೆನ್ರಿ ಜಾರ್ಜ್ ಕ್ಲೂಜೊ ತಮ್ಮ ‘ದಿಯಾಬೊಲಿಕ್’ ಚಿತ್ರದ ಕೊನೆಗೆ, ನೀವು ನೋಡಿದ್ದನ್ನು ಸ್ನೇಹಿತರಿಗೆ ಹೇಳಬೇಡಿ ಎಂಬ ವಿನಂತಿಯನ್ನೇ ತೆರೆಯ ಮೇಲೆ ಹಾಕಿದ್ದರು. ಇಂದು ಅಪಾಯ ಚಹಾದಂಗಡಿಗಿಂತ ಮೊಬೈಲಿನಲ್ಲಿ ಹೆಚ್ಚು. ಟ್ರೈಲರ್ ನೋಡಬೇಡಿ, ಆ ಕಾಲದ ಟ್ರೈಲರ್‌ಗಳಲ್ಲಿ ಕೊನೆಯ ದೃಶ್ಯಗಳೂ ಬಂದುಬಿಡುತ್ತವೆ. ಚಿತ್ರದ ಹೆಸರು ಹಾಕಿ ಹುಡುಕುವಾಗ ಬರುವ ಫೋಟೋಗಳಿಂದಲೂ ಕಣ್ಣು ತಪ್ಪಿಸಿ. ನಿರ್ದೇಶಕ, ವರ್ಷ, ಅವಧಿ, ಈ ಮೂರನ್ನು ತಿಳಿದುಕೊಂಡರೆ ಸಾಕು.

ಅವಧಿಯನ್ನು ಮಾತ್ರ ತಪ್ಪದೆ ನೋಡಿಕೊಳ್ಳಿ. ಹಳೆಯ ಚಿತ್ರಗಳ ಕತ್ತರಿಸಿದ ಪ್ರತಿಗಳು ಬಹಳ ಓಡಾಡುತ್ತವೆ. ಹಿಚ್‌ಕಾಕ್ ಚಿತ್ರಗಳಲ್ಲಿ ‘ಸೈಕೋ’ 109 ನಿಮಿಷ, ‘ರಿಯರ್ ವಿಂಡೋ’ 112 ನಿಮಿಷ, ‘ವರ್ಟಿಗೊ’ 128 ನಿಮಿಷ ಇರಬೇಕು. ಹತ್ತು ನಿಮಿಷ ಕಡಿಮೆಯಿದ್ದರೆ ಆ ಪ್ರತಿಯನ್ನು ಬಿಟ್ಟು ಬೇರೆಯದನ್ನು ಹುಡುಕಿ. ಕತ್ತರಿ ಬಿದ್ದಿರುವುದು ಸಾಮಾನ್ಯವಾಗಿ ‘ಏನೂ ನಡೆಯದ’ ದೃಶ್ಯಗಳಿಗೆ, ಸಸ್ಪೆನ್ಸ್ ಇರುವುದೂ ಅಲ್ಲಿಯೇ.

ನಾಲ್ಕನೆಯ ಹೆಜ್ಜೆ: ಕೋಣೆ, ಹೊತ್ತು, ಟಿವಿ

ಕಪ್ಪುಬಿಳುಪಿನ ಚಿತ್ರಕ್ಕೆ ಕತ್ತಲೆ ಬೇಕು. ನೆರಳಿನಲ್ಲಿ ನಿಂತವನ ಅರ್ಧ ಮುಖ ಕಾಣಬೇಕಾದ ಕಡೆ ಟಿವಿಯ ಗಾಜಿನಲ್ಲಿ ನಿಮ್ಮ ಕಿಟಕಿಯ ಬೆಳಕು ಕಂಡರೆ ದೃಶ್ಯ ಕೆಟ್ಟಂತೆಯೇ. ನಮ್ಮಲ್ಲಿ ಬೇಸಿಗೆಯ ಸಂಜೆ ಏಳರವರೆಗೂ ಬೆಳಕು ಪೂರಾ ಇಳಿಯುವುದಿಲ್ಲ, ಕೋಣೆಯ ಕಾವು ಆರುವುದು ಅದಕ್ಕಿಂತ ತಡ. ರೊಟ್ಟಿ ಊಟ ಮುಗಿಸಿ, ಪಾತ್ರೆಗಳ ಸದ್ದು ಅಡಗಿ, ಒಂಬತ್ತರ ಸುಮಾರಿಗೆ ಹಚ್ಚಿದರೆ ಹನ್ನೊಂದಕ್ಕೆ ಮುಗಿಯುತ್ತದೆ. ಸುಸಲಾ, ಮಿರ್ಚಿ ಭಜಿ ಏನಿದ್ದರೂ ಮೊದಲೇ ತಿಂದು ಮುಗಿಸಿ. ಕರೆಂಟು ಹೋಗುವ ಭಯವಿದ್ದರೆ ಇನ್ವರ್ಟರ್ ಇರುವವರ ಮನೆಯಲ್ಲಿ ಕೂಡಿರಿ, ಇಲ್ಲವೇ ಲ್ಯಾಪ್‌ಟಾಪನ್ನು ಪೂರಾ ಚಾರ್ಜ್ ಮಾಡಿಟ್ಟುಕೊಳ್ಳಿ. ಈ ವಿದೇಶಿ ಚಿತ್ರಗಳಿಗೆ ಇಂಟರ್ವಲ್ ಇಲ್ಲ, ನೀವೂ ಕೊಡಬೇಡಿ. ನಡುವೆ ಐದು ನಿಮಿಷ ಎದ್ದು ಹೋಗಿ ಬಂದರೆ ನಿರ್ದೇಶಕ ಒಂದು ಗಂಟೆ ಕಷ್ಟಪಟ್ಟು ಎಳೆದ ದಾರ ಸಡಿಲವಾಗುತ್ತದೆ.

ಟಿವಿಯಲ್ಲಿ ಮೂರು ಹೊಂದಾಣಿಕೆ ಮಾಡಿಕೊಳ್ಳಬೇಕು. ಚಿತ್ರದ ಮೋಡ್ ‘ವಿವಿಡ್’ ಇದ್ದರೆ ‘ಸಿನಿಮಾ’ ಅಥವಾ ‘ಮೂವಿ’ಗೆ ಬದಲಿಸಿ. ಚಲನೆಯನ್ನು ನಯಗೊಳಿಸುವ ಮೋಷನ್ ಸ್ಮೂತಿಂಗ್ ಸೌಲಭ್ಯವನ್ನು ಬಂದ್ ಮಾಡಿ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಚಿತ್ರಕ್ಕೆ ಅದು ಧಾರಾವಾಹಿಯ ಕಳೆ ತರುತ್ತದೆ. ಮೂರನೆಯದು, 1953ಕ್ಕೆ ಮೊದಲಿನ ಚಿತ್ರಗಳ ಚೌಕಟ್ಟು ಬಹುತೇಕ ಚೌಕಾಕಾರದ್ದು, ತೆರೆಯ ಎಡಬಲಗಳಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಅದನ್ನು ತುಂಬಿಸಲು ಚಿತ್ರವನ್ನು ಹಿಗ್ಗಿಸಿದರೆ ಮುಖಗಳು ಅಗಲವಾಗುತ್ತವೆ. ಝೂಮ್ ಮಾಡಿದರೆ ಮೇಲಿನ ಗಡಿಯಾರವೋ ಕೆಳಗಿನ ಕೈಯೋ ಕತ್ತರಿಸಿ ಹೋಗುತ್ತದೆ, ಕಥೆಯ ಕೀಲಿಕೈ ಇರುವುದು ಒಮ್ಮೊಮ್ಮೆ ಅಲ್ಲಿಯೇ.

ಐದನೆಯ ಹೆಜ್ಜೆ: ಮೊದಲ ಹಿಚ್‌ಕಾಕ್ ಚಿತ್ರ

ಹಿಚ್‌ಕಾಕ್ ಅವರ ಚಿತ್ರಗಳಲ್ಲಿ ಮೊದಲು ನೋಡಬೇಕಾದದ್ದು 1954ರ ‘ರಿಯರ್ ವಿಂಡೋ’. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಗ್ರಾಹಕನೊಬ್ಬ ನ್ಯೂಯಾರ್ಕಿನ ತನ್ನ ಕೋಣೆಯ ಹಿಂಬದಿಯ ಕಿಟಕಿಯಿಂದ ಅಕ್ಕಪಕ್ಕದ ಮನೆಗಳನ್ನು ನೋಡುತ್ತ ದಿನ ದೂಡುತ್ತಿದ್ದಾನೆ. ಎದುರಿನ ಮನೆಯಲ್ಲಿ ಏನೋ ನಡೆದಿದೆಯೆಂಬ ಶಂಕೆ ಅವನಿಗೆ ಬರುತ್ತದೆ. ಕಡುಬೇಸಿಗೆ. ಸೆಕೆ ತಾಳಲಾರದೆ ಎದುರಿನ ದಂಪತಿಗಳು ಹಾಸಿಗೆಯನ್ನು ಹೊರಗಿನ ಕಬ್ಬಿಣದ ಮೆಟ್ಟಿಲ ಕಟ್ಟೆಗೆ ತಂದು ಮಲಗುತ್ತಾರೆ. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಮಲಗಿ, ಸುತ್ತಲಿನ ಮನೆಗಳ ಮಾತು, ಜಗಳ, ಕೂಸಿನ ಅಳು ಕೇಳುತ್ತ ನಿದ್ದೆಹೋದ ಕಲಬುರಗಿಯವರಿಗೆ ಈ ಚಿತ್ರದ ಅಂಗಳ ಪರದೇಶದ್ದೆನಿಸುವುದಿಲ್ಲ. ಆ ಅಂಗಳ, ಆ 31 ಮನೆಗಳು ಎಲ್ಲವನ್ನೂ ಸ್ಟುಡಿಯೋದೊಳಗೇ ಕಟ್ಟಿದ್ದೆಂಬುದು ಮಾತ್ರ ನೋಡುವಾಗ ನಂಬಲಾಗುವುದಿಲ್ಲ.

ಇದನ್ನು ನಮ್ಮ ಮನೆಯಲ್ಲಿ ಹಚ್ಚಿದಾಗ ನಮ್ಮ ಚಿಗವ್ವನೂ ಕುಳಿತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆರಂಭಕ್ಕೆ ಮೊದಲು ಕಥೆಯ ಸಂದರ್ಭವನ್ನು ನಾಲ್ಕು ಮಾತಿನಲ್ಲಿ ಹೇಳಿ ಸುಮ್ಮನಾದೆ. ಒಂದು ದೃಶ್ಯದಲ್ಲಿ ನಾಯಕಿ ಗ್ರೇಸ್ ಕೆಲಿ ಆ ಸಂಶಯದ ಮನೆಯೊಳಗೆ ಹೊಕ್ಕು ಹುಡುಕುತ್ತಿರುವಾಗ, ಮನೆಯವನು ಹೊರಗಿನಿಂದ ಹಿಂತಿರುಗುತ್ತಿರುವುದು ನಮಗೂ ಗಾಲಿಕುರ್ಚಿಯಲ್ಲಿರುವ ನಾಯಕನಿಗೂ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ನಾಯಕ ಎದ್ದು ಹೋಗಲಾರ, ಕೂಗಿದರೂ ಕೇಳಿಸದು. ಚಿಗವ್ವ ಕುಳಿತಲ್ಲೇ ಮುಂದಕ್ಕೆ ಬಾಗಿ, “ಏ ತಂಗೀ, ಅಂವ ಬರ್ಲತ್ತಾನ, ಲಗೂ ಹೊರಗ ಬಾ!” ಎಂದು ಟಿವಿಗೇ ಹೇಳಿದರು. ಮುಂದೇನಾಯಿತೆಂದು ಬರೆಯುವುದಿಲ್ಲ. ಹಿಚ್‌ಕಾಕ್ ಬಾಂಬಿನ ಉದಾಹರಣೆಯಲ್ಲಿ ಹೇಳಿದ್ದನ್ನೇ ಚಿಗವ್ವ ಒಂದು ವಾಕ್ಯದಲ್ಲಿ ಹೇಳಿದ್ದರು. ಇಂಗ್ಲಿಷ್ ಬಾರದ ಹಿರಿಯರನ್ನು ಬಿಟ್ಟು ನೋಡಬೇಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಡುನಡುವೆ ನಿಲ್ಲಿಸಿ ಅನುವಾದಿಸಬೇಡಿ, ಸಂದರ್ಭವನ್ನಷ್ಟೇ ಮೊದಲು ಹೇಳಿ.

ಆರನೆಯ ಹೆಜ್ಜೆ: ಯಾರಿಗೆ ಏನು ಗೊತ್ತು ಎಂಬ ಲೆಕ್ಕ

ನೋಡುವಾಗ ಮನಸ್ಸಿನಲ್ಲಿ ಎರಡು ಖಾನೆ ಇಟ್ಟುಕೊಳ್ಳಿ: ನನಗೆ ಗೊತ್ತಿರುವುದು, ಪಾತ್ರಕ್ಕೆ ಗೊತ್ತಿರುವುದು. ‘ರಿಯರ್ ವಿಂಡೋ’ ಬಹುಮಟ್ಟಿಗೆ ನಾಯಕ ಕಂಡಷ್ಟನ್ನೇ ನಮಗೂ ತೋರಿಸುತ್ತದೆ. ಆದರೆ ಅವನು ನಿದ್ದೆಹೋದ ಒಂದು ಗಳಿಗೆಯಲ್ಲಿ ಕ್ಯಾಮೆರಾ ನಮಗೊಬ್ಬರಿಗೇ ಏನನ್ನೋ ತೋರಿಸಿಬಿಡುತ್ತದೆ. ಅಲ್ಲಿಂದ ಮುಂದೆ ನಾವು ಅವನನ್ನು ಪೂರ್ತಿ ನಂಬಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತೇವೆ. ಆ ಗಳಿಗೆಯನ್ನು ನೀವಾಗಿಯೇ ಗುರುತಿಸಿದ ದಿನ ಈ ಬಗೆಯ ಚಿತ್ರಗಳ ಬಾಗಿಲು ನಿಮಗೆ ತೆರೆಯಿತೆಂದೇ ತಿಳಿಯಿರಿ.

ಈ ಲೆಕ್ಕಕ್ಕೆ ನಾನು ಕಂಡ ಅತ್ಯುತ್ತಮ ದೃಶ್ಯ ಹಿಚ್‌ಕಾಕ್ ಅವರದೇ 1946ರ ‘ನಟೋರಿಯಸ್’ ಚಿತ್ರದ ಔತಣಕೂಟ. ದೊಡ್ಡ ಸಭಾಂಗಣದ ಮೇಲುಗಡೆಯಿಂದ ನೂರಾರು ಅತಿಥಿಗಳನ್ನು ತೋರಿಸುತ್ತ ಹೊರಟ ಕ್ಯಾಮೆರಾ ಎಲ್ಲಿಯೂ ಕಡಿಯದೆ ಇಳಿಯುತ್ತ ಇಳಿಯುತ್ತ ನಾಯಕಿ ಇಂಗ್ರಿಡ್ ಬರ್ಗ್‌ಮನ್ ಮುಷ್ಟಿಯ ಹತ್ತಿರ ಬಂದು ನಿಲ್ಲುತ್ತದೆ. ಆ ಮುಷ್ಟಿಯಲ್ಲಿ ನೆಲಮಾಳಿಗೆಯ ಕೀಲಿಕೈ ಇದೆ. ಆ ಕೀಲಿಯನ್ನು ಅವಳು ಗಂಡನ ಗೊಂಚಲಿನಿಂದ ತೆಗೆದದ್ದು ನಮಗೆ ಗೊತ್ತು. ಮೇಲೆ ಅತಿಥಿಗಳಿಗೆ ಕೊಡುತ್ತಿರುವ ಶಾಂಪೇನ್ ಬಾಟಲಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಖಾಲಿಯಾದರೆ ಹೊಸದನ್ನು ತರಲು ಗಂಡ ನೆಲಮಾಳಿಗೆಗೇ ಇಳಿಯಬೇಕು. ಮದುವೆಮನೆಯಲ್ಲಿ ಉಗ್ರಾಣದ ಜವಾಬ್ದಾರಿ ಹೊತ್ತವರಿಗೆ ಈ ಆತಂಕ ಚೆನ್ನಾಗಿ ಅರ್ಥವಾಗುತ್ತದೆ. ಕತ್ತಿಯಿಲ್ಲ, ಪಿಸ್ತೂಲಿಲ್ಲ, ಬುಟ್ಟಿಯಲ್ಲಿ ಉಳಿದ ಬಾಟಲಿಗಳ ಎಣಿಕೆಯೇ ಇಲ್ಲಿ ಗಡಿಯಾರದ ಕೆಲಸ ಮಾಡುತ್ತದೆ.

ಏಳನೆಯ ಹೆಜ್ಜೆ: ಕಿವಿಯಿಂದ ನೋಡುವುದು

ಜರ್ಮನಿಯ ಫ್ರಿಟ್ಸ್ ಲಾಂಗ್ 1931ರಲ್ಲಿ ಮಾಡಿದ ‘ಎಂ’ ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವವನು ಒಂದು ರಾಗವನ್ನು ಸಿಳ್ಳೆ ಹಾಕುತ್ತಾನೆ. ಸಿನಿಮಾಕ್ಕೆ ಮಾತು ಬಂದು ಕೆಲವೇ ವರ್ಷಗಳಾಗಿದ್ದ ಕಾಲವದು, ಆದರೂ ಆ ಸಿಳ್ಳೆ ಕೇಳಿದರೆ ಸಾಕು, ಅವನು ತೆರೆಯ ಮೇಲೆ ಇಲ್ಲದಿದ್ದರೂ ಮೈ ನಡುಗುತ್ತದೆ. ‘ಸೈಕೋ’ಗೆ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನು ಮಾತ್ರ ಬಳಸಿ ಸಂಗೀತ ಕೊಟ್ಟರು. 1963ರ ‘ದಿ ಬರ್ಡ್ಸ್’ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಹಕ್ಕಿಗಳ ರೆಕ್ಕೆ, ಕೂಗು, ನಡುವಿನ ಮೌನವೇ ಸಂಗೀತ. ಟಿವಿಯ ಸ್ಪೀಕರ್ ಸಣ್ಣದಾಗಿದ್ದರೆ ಇಯರ್‌ಫೋನ್ ಹಾಕಿಕೊಳ್ಳುವುದು ಲೇಸು. ಒಂದು ಪ್ರಯೋಗವನ್ನೂ ಮಾಡಿ: ಚಿತ್ರ ಮುಗಿದ ಮೇಲೆ, ನಿಮ್ಮನ್ನು ಅತಿ ಹೆಚ್ಚು ಕಾಡಿದ ದೃಶ್ಯವನ್ನು ಧ್ವನಿ ಮುಚ್ಚಿ ಮತ್ತೊಮ್ಮೆ ನೋಡಿ. ಭಯ ಅರ್ಧ ಇಳಿದಿದ್ದರೆ ಅದು ಕಿವಿಯಿಂದ ಬಂದ ಭಯ. ಇಳಿಯದಿದ್ದರೆ ದೃಶ್ಯದ ಜೋಡಣೆಯಲ್ಲೇ ಇರುವ ಭಯ.

ಮುಂದಿನ ದಾರಿ

‘ರಿಯರ್ ವಿಂಡೋ’ ಆದ ಮೇಲೆ ಹಿಚ್‌ಕಾಕ್ ಅವರದೇ 1951ರ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ ನೋಡಿ; ಟೆನಿಸ್ ಪಂದ್ಯವೊಂದು ಬೇಗ ಮುಗಿಯಲೆಂದು ನೀವು ಹಾತೊರೆಯುವುದು ಅದೇ ಮೊದಲಾಗಿರಬಹುದು. ನಂತರ ‘ಸೈಕೋ’, ಅದರ ಬೆನ್ನಿಗೆ ‘ದಿಯಾಬೊಲಿಕ್’. ಈ ಎರಡನ್ನೂ ಮಕ್ಕಳು ಮಲಗಿದ ಮೇಲೆ ನೋಡಿ. ದಕ್ಷಿಣಕ್ಕೆ ಬಂದರೆ ತಮಿಳಿನ ‘ಅಂದ ನಾಳ್’ ಬಿಡಬಾರದು. ವೀಣಾವಾದಕರೆಂದು ಹೆಸರಾದ ಎಸ್. ಬಾಲಚಂದರ್ 1954ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ ಹಾಡು, ಕುಣಿತ ಯಾವುದೂ ಇಲ್ಲ. ಎರಡನೆಯ ಮಹಾಯುದ್ಧದ ದಿನಗಳ ಮದ್ರಾಸಿನಲ್ಲಿ ರೇಡಿಯೋ ಇಂಜಿನಿಯರನೊಬ್ಬನ ಕೊಲೆಯಿಂದ ಕಥೆ ಆರಂಭವಾಗುತ್ತದೆ. ಆಮೇಲೆ ‘ಎಂ’ ಮತ್ತು ‘ನಟೋರಿಯಸ್’. ವಾರಕ್ಕೊಂದಕ್ಕಿಂತ ಹೆಚ್ಚು ಬೇಡ. ಒಂದರ ಗುಂಗು ಇಳಿಯುವ ಮೊದಲೇ ಇನ್ನೊಂದನ್ನು ಹಚ್ಚಿದರೆ ಎರಡೂ ಕಲಸಿಹೋಗುತ್ತವೆ.

1958ರ ‘ವರ್ಟಿಗೊ’ ಚಿತ್ರವನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ನಡೆಸಿದ ವಿಮರ್ಶಕರ ಮತದಾನದಲ್ಲಿ ಅದಕ್ಕೆ ಮೊದಲ ಸ್ಥಾನ ಬಂದದ್ದರಿಂದ ಬಹಳ ಜನ ಅದರಿಂದಲೇ ಆರಂಭಿಸಿ ನಿರಾಶರಾಗುತ್ತಾರೆ. ಅದು ತನ್ನ ಗುಟ್ಟನ್ನು ಮುಗಿಯುವುದಕ್ಕೆ ಬಹಳ ಮೊದಲೇ ನಮ್ಮ ಕೈಗೆ ಕೊಟ್ಟುಬಿಡುತ್ತದೆ. ಪತ್ತೇದಾರಿ ಕಥೆಯ ನಿರೀಕ್ಷೆಯಲ್ಲಿ ಕುಳಿತವರಿಗೆ ಇದು ತಪ್ಪೆನಿಸುತ್ತದೆ. ನನಗೂ ಮೊದಲ ಸಲ ಹಾಗೇ ಅನಿಸಿತ್ತು. ಎರಡು ಖಾನೆಗಳ ಲೆಕ್ಕ ಕಲಿತ ಮೇಲೆ ನೋಡಿದಾಗ, ಆ ಕೊನೆಯ ಭಾಗವನ್ನು ಮೀರಿಸಿದ ಯಾತನೆ ಬೇರೆಲ್ಲೂ ನನಗೆ ಕಾಣಲಿಲ್ಲ.

ಹೀಗೆ ಒಂದು ಸುತ್ತು ಮುಗಿದ ಮೇಲೆ, ಇವುಗಳಲ್ಲಿ ಒಂದನ್ನಾದರೂ ಎರಡನೆಯ ಸಲ ನೋಡಿ. ಈಗ ಮುಂದೇನೆಂಬ ಚಿಂತೆಯಿರುವುದಿಲ್ಲ, ಕಟ್ಟಿದ ಕೈ ಕಾಣುತ್ತದೆ. ‘ರಿಯರ್ ವಿಂಡೋ’ದ ಆರಂಭವನ್ನೇ ತೆಗೆದುಕೊಳ್ಳಿ: ನಿದ್ರಿಸುತ್ತಿರುವ ನಾಯಕನ ಬೆವರಿದ ಹಣೆ, ಉಷ್ಣಮಾಪಕ, ಕಾಲಿಗೆ ಕಟ್ಟಿದ ಪ್ಲಾಸ್ಟರ್, ಪುಡಿಯಾದ ಕ್ಯಾಮೆರಾ, ಅಪಘಾತಕ್ಕೀಡಾದ ರೇಸ್ ಕಾರಿನ ಚಕ್ರವೊಂದು ನೇರ ನಮ್ಮತ್ತ ಹಾರಿಬರುತ್ತಿರುವ ಫೋಟೋ. ಅವನು ಯಾರು, ಕಾಲು ಹೇಗೆ ಮುರಿಯಿತು ಎಂಬುದು ಒಂದು ಮಾತೂ ಇಲ್ಲದೆ ಮುಗಿದುಹೋಗಿರುತ್ತದೆ. ಮೊದಲ ಸಲ ನಾನು ಇದನ್ನು ಗಮನಿಸಿರಲಿಲ್ಲ. ಎರಡನೆಯ ಸಲ ಹಚ್ಚಿದಾಗ, ಇಂಗ್ಲಿಷ್ ಬಾರದ ಚಿಗವ್ವನೇ ಆ ಫೋಟೋದತ್ತ ಬೆರಳು ಮಾಡಿ, “ಇದನ್ನ ತಗೀಲಿಕ್ಕ ಹೋಗೇ ಅವನ ಕಾಲ ಮುರದದ ನೋಡು” ಎಂದರು.